ಘಟಪ್ರಭೆಯ ಸೀಮೆಯ ಕ್ರೈಸ್ತ ಸಭೆಗಳು ಮತ್ತು ಲಿಂಗತ್ವ ಅಲ್ಪಸಂಖ್ಯಾತರು

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಸೀಮೆಗೆ ಪ್ರಾಟೆಸ್ಟಂಟ್ ಕ್ರೈಸ್ತ ಸಭೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ. ಗಂಡು, ಹೆಣ್ಣು ಎಂಬ ಎರಡು ಕಟ್ಟುಗಳಿಗೆ ಒಗ್ಗದೆ ಬದುಕಿದವರು ಅದಕ್ಕಿಂತ ಬಹಳ ಮೊದಲಿನಿಂದಲೂ ಇಲ್ಲಿದ್ದರು. ಊರಿನ ಜನ ಅವರನ್ನು ಜೋಗಪ್ಪ ಎಂದು ಕರೆಯುತ್ತಿದ್ದರು, ಜಾತ್ರೆಯಲ್ಲಿ ಕಾಣುತ್ತಿದ್ದರು, ಬಾಗಿಲಿಗೆ ಬಂದಾಗ ಮೊರದಲ್ಲಿ ಜೋಳ ತಂದು ಹಾಕುತ್ತಿದ್ದರು. ಸಭೆ ಮತ್ತು ಜೋಗಪ್ಪಂದಿರು ನೂರೈವತ್ತು ವರ್ಷ ಒಂದೇ ನೆಲದಲ್ಲಿ ಬಾಳಿದರೂ ಒಬ್ಬರ ಕಥೆಯಲ್ಲಿ ಇನ್ನೊಬ್ಬರು ಬರುವುದಿಲ್ಲ. ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತರನ್ನು ಬರಮಾಡಿಕೊಳ್ಳುವ, ಅವರ ಆರೈಕೆಗೆ ನಿಲ್ಲುವ ಮಾತು ಕನ್ನಡ ನಾಡಿನ ಕ್ರೈಸ್ತ ವಲಯದಲ್ಲಿ ಎದ್ದದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. ಅದು ಹೊರಗಿನಿಂದ ಬಂದ ಮಾತೆಂದು ಅನೇಕರು ತಿಳಿದಿದ್ದಾರೆ. ಈ ಸೀಮೆಯ ಇತಿಹಾಸವನ್ನು ಕ್ರಮವಾಗಿ ನೋಡಿದರೆ ಹಾಗೆ ಹೇಳಲು ಬರುವುದಿಲ್ಲ.

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನ ಅನಗವಾಡಿ ಘಟಪ್ರಭೆಯ ದಂಡೆಯ ಊರು. ಹುಬ್ಬಳ್ಳಿಯಿಂದ ವಿಜಯಪುರ, ಸೊಲ್ಲಾಪುರಗಳತ್ತ ಹೋಗುವ ಹೆದ್ದಾರಿ ಇಲ್ಲಿ ನದಿ ದಾಟುತ್ತದೆ. ಇದೇ ನದಿಯ ಮೇಲಿನ ಕಲಾದಗಿ 1880ರ ದಶಕದವರೆಗೆ ಬ್ರಿಟಿಷರ ಜಿಲ್ಲಾ ಕೇಂದ್ರವಾಗಿತ್ತು; ಆಮೇಲೆ ಕಚೇರಿಗಳು ವಿಜಾಪುರಕ್ಕೆ, ಅಂದರೆ ಈಗಿನ ವಿಜಯಪುರಕ್ಕೆ, ಹೋದವು. ಪಡುವಣಕ್ಕೆ ಮುಧೋಳ ಘೋರ್ಪಡೆಯವರ ಸಂಸ್ಥಾನ, ಅದರಾಚೆ ಜಮಖಂಡಿ ಪಟವರ್ಧನರ ಸಂಸ್ಥಾನ. ಉಳಿದ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರಲ್ಲಿ ಇದೆಲ್ಲ ಮೈಸೂರು ರಾಜ್ಯದೊಳಗೆ ಬಂತು, 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲೆಯಲ್ಲಿ ಕ್ರೈಸ್ತರ ಪಾಲು ಶೇಕಡಾ ಒಂದಕ್ಕಿಂತ ಬಹಳ ಕಡಿಮೆ. ಸಂಖ್ಯೆ ಸಣ್ಣದಾದರೂ ಅವರ ಚರಿತ್ರೆ ಸಣ್ಣದಲ್ಲ.

ಜೋಗಪ್ಪಂದಿರ ನೆಲೆ ಸವದತ್ತಿಯ ಯಲ್ಲಮ್ಮನ ಗುಡ್ಡ. ಗಂಡಾಗಿ ಹುಟ್ಟಿದ ಹುಡುಗನಲ್ಲಿ ಹೆಣ್ಣಿನ ನಡೆ ಕಂಡಾಗ, ಅಥವಾ ವಾಸಿಯಾಗದ ಜಡ್ಡು, ಮೈಮೇಲಿನ ಜಡೆ ಕಾಣಿಸಿದಾಗ, ಅವನ ಮೇಲೆ ತಾಯಿ ಬಂದಿದ್ದಾಳೆಂದು ಮನೆಯವರು ನಂಬುತ್ತಿದ್ದರು. ಗುಡ್ಡದಲ್ಲಿ ಮುತ್ತು ಕಟ್ಟಿಸಿದ ಮೇಲೆ ಅವನು ಸೀರೆ ಉಟ್ಟು, ಬಳೆ ತೊಟ್ಟು, ಕೊಡ ಹೊತ್ತು, ಚೌಡಿಕೆಯ ದನಿಗೆ ಹಾಡುತ್ತ ಊರೂರು ತಿರುಗುವ ಜೋಗಪ್ಪನಾಗುತ್ತಿದ್ದ. ಹಿಜ್ರಾ ಸಮುದಾಯದಲ್ಲಿರುವ ಅಂಗಛೇದನದ ಪದ್ಧತಿ ಜೋಗಪ್ಪಂದಿರ ಸಂಪ್ರದಾಯದಲ್ಲಿರಲಿಲ್ಲ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಿಗೆ ಬೆಳಗಾವಿ, ಧಾರವಾಡ, ವಿಜಾಪುರ, ಬಳ್ಳಾರಿ ಸೀಮೆಗಳಿಂದಲೂ ಮಹಾರಾಷ್ಟ್ರದ ಗಡಿಯ ಜಿಲ್ಲೆಗಳಿಂದಲೂ ಚಕ್ಕಡಿಗಳು ಗುಡ್ಡ ಸೇರುತ್ತಿದ್ದವು. ಈ ವ್ಯವಸ್ಥೆಯನ್ನು ಬಣ್ಣ ಬಳಿದು ಹೊಗಳಬೇಕಾಗಿಲ್ಲ. ಜೋಗಪ್ಪನಿಗೆ ಪೂಜ್ಯತೆ ಇತ್ತು, ಆಸ್ತಿಯಲ್ಲಿ ಪಾಲು ಸಿಗುವುದು ಕಷ್ಟವಾಗಿತ್ತು. ಹಬ್ಬದ ದಿನ ಕಾಲಿಗೆ ಬಿದ್ದವರೇ ಮರುದಿನ ದಾರಿಯಲ್ಲಿ ಆಡಿಕೊಳ್ಳುತ್ತಿದ್ದರು. ಆದರೂ ಆ ಮಗುವನ್ನು ಏನೆಂದು ಕರೆಯಬೇಕು, ಎಲ್ಲಿ ಕೂರಿಸಬೇಕು ಎಂಬುದಕ್ಕೆ ಊರಿನಲ್ಲಿ ಒಂದು ಉತ್ತರವಿತ್ತು. ಕ್ರೈಸ್ತ ಸಭೆ ಇಲ್ಲಿಗೆ ಬಂದಾಗ ಅದರ ಬಳಿ ಅಂಥ ಯಾವ ಉತ್ತರವೂ ಇರಲಿಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, 1885ರಲ್ಲಿ ವಿಜಾಪುರ ಹೀಗೆ ಅವರ ಠಾಣ್ಯಗಳು ಬಡಗಣಕ್ಕೆ ಬೆಳೆದವು. ಈಗಿನ ಬಾಗಲಕೋಟೆ ಜಿಲ್ಲೆಯ ಮಟ್ಟಿಗೆ ಗುಳೇದಗುಡ್ಡವೇ ತಾಯಿಬೇರು. ಕುಬಸದ ಖಣಕ್ಕೆ ಹೆಸರಾದ ಆ ನೇಕಾರರ ಊರಿನಿಂದ ಪಾದ್ರಿಗಳೂ ಉಪದೇಶಕರೂ ಸುತ್ತಿನ ಸಂತೆ, ಜಾತ್ರೆಗಳಿಗೆ ಹೋಗಿ ಸಾರುತ್ತಿದ್ದರು. ಸಾರಿದ್ದನ್ನು ಕೇಳಿದವರು ಬಹಳ, ಒಪ್ಪಿ ಬಂದವರು ಕೆಲವರೇ. ಬಂದವರು ತೆತ್ತ ಬೆಲೆ ಮಾತ್ರ ಬಹಳ ದೊಡ್ಡದು.

ದೀಕ್ಷಾಸ್ನಾನವೆಂದರೆ ಅಂದು ಮನೆ ಬಿಟ್ಟು ಹೋಗುವುದು. ತಂದೆ ತಾಯಿ ಸತ್ತನೆಂದು ಬಗೆದು ತಿಥಿ ಮಾಡಿದರೂ ಆಶ್ಚರ್ಯವಿರಲಿಲ್ಲ; ಹೆಂಡತಿಯನ್ನು ತವರಿನವರು ಕರೆದೊಯ್ಯುತ್ತಿದ್ದರು; ಬಾವಿ, ಕ್ಷೌರಿಕ, ಅಗಸ ಎಲ್ಲ ಮುಚ್ಚಿಹೋಗುತ್ತಿದ್ದವು. 1844ರಲ್ಲಿ ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ಕ್ರೈಸ್ತರಾದಾಗ ಊರೇ ಎದ್ದು ನಿಂತಿತು. ಮಿಷನ್ನಿನ ಪಾದ್ರಿ ಹರ್ಮನ್ ಮೊಗ್ಲಿಂಗ್ ಕೌಂಡಿನ್ಯರಿಗೆ ಆಸರೆಯಾದರು, ಮುಂದೆ ಕೌಂಡಿನ್ಯರು ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾಗಿ ಮರಳಿದರು. ಜಾತಿ ಕಳೆದುಕೊಂಡವನ ಆಸ್ತಿಯ ಹಕ್ಕು ಉಳಿಯಲೆಂದು 1850ರಲ್ಲಿ ಕಾನೂನೇ ಬಂತು, ಆದರೆ ಊರಿನ ಕಟ್ಟಳೆಯ ಮುಂದೆ ಕಾಗದದ ಹಕ್ಕು ನಡೆಯುತ್ತಿರಲಿಲ್ಲ. ಆದ್ದರಿಂದ ಮಿಷನ್ನಿಗೆ ಉಪದೇಶವೊಂದೇ ಸಾಲದಾಯಿತು. ಬಂದವರಿಗೆ ಮನೆ, ಕೆಲಸ, ಮಕ್ಕಳಿಗೆ ಶಾಲೆ, ಸತ್ತರೆ ಹೂಳಲು ಜಾಗ, ಇವೆಲ್ಲವನ್ನೂ ಕಟ್ಟಿಕೊಡಬೇಕಾಯಿತು. ಗದಗಿನ ಹತ್ತಿರದ ಮಳಸಮುದ್ರದಲ್ಲಿ ಕ್ರೈಸ್ತರಾದವರಿಗೆಂದೇ ಒಂದು ವಸಾಹತು ಕಟ್ಟಲು ನೋಡಿದರು. ಕರಾವಳಿಯಲ್ಲಿ ನೇಯ್ಗೆಯ ಶಾಲೆಗಳು, ಹೆಂಚಿನ ಕಾರ್ಖಾನೆಗಳು ಹುಟ್ಟಿಕೊಂಡದ್ದರ ಹಿಂದೆಯೂ ಇದೇ ಅಗತ್ಯವಿತ್ತು. 1876ರಿಂದ 78ರವರೆಗಿನ ಭೀಕರ ಬರ ಕಲಾದಗಿ ಜಿಲ್ಲೆಯ ಊರುಗಳನ್ನು ಬರಿದು ಮಾಡಿದಾಗ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳನ್ನು ಮಿಷನ್ನಿನ ಅನಾಥಾಲಯಗಳು ಸಾಕಿದವು. ಉತ್ತರ ಕರ್ನಾಟಕದ ಹಳೆಯ ಕ್ರೈಸ್ತ ಕುಟುಂಬಗಳಲ್ಲಿ ಕೆಲವು ಆ ಬರದ ಮಕ್ಕಳ ಸಂತತಿ.

ಇಷ್ಟು ವಿವರವಾಗಿ ಇದನ್ನು ಹೇಳಬೇಕಾದ್ದು ಒಂದು ಕಾರಣಕ್ಕೆ. ಈ ಸೀಮೆಯ ಸಭೆ ಮೂಲದಲ್ಲಿ ಮನೆಯಿಂದ ಹೊರಬಿದ್ದವರ ಸಭೆ. ರಕ್ತದ ನೆಂಟು ಕಡಿದವರಿಗೆ ಬೇರೆ ನೆಂಟು ಕಟ್ಟಿಕೊಡುವುದನ್ನು ಅದು ತನ್ನ ಮೊದಲ ದಿನದಿಂದ ಕಲಿತಿತ್ತು. ಜಾತಿಯನ್ನು ಸಭೆಯೊಳಗೆ ಇಟ್ಟುಕೊಳ್ಳಬಾರದೆಂದು ಬಾಸೆಲ್ ಮಿಷನ್ ಹಿಡಿದ ಹಟ ಬೇರೆ ಹಲವು ಮಿಷನ್‌ಗಳ ಹಟಕ್ಕಿಂತ ಗಟ್ಟಿಯಾಗಿತ್ತು. ಕರ್ತನ ಭೋಜನದಲ್ಲಿ ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯಬೇಕೆಂಬ ನಿಯಮ ಅಂದಿನ ಸಮಾಜಕ್ಕೆ ಸಿಡಿಲು ಬಡಿದಂಥ ಮಾತು.

ಅದೇ ಸಭೆಯಲ್ಲಿ ಶಿಸ್ತೂ ಕಠಿಣವಾಗಿತ್ತು. ವುರ್ಟೆಂಬರ್ಗ್‌ ಮತ್ತು ಸ್ವಿಟ್ಜರ್ಲೆಂಡಿನ ಭಕ್ತಿಪಂಥದ ಹಳ್ಳಿಗಳಿಂದ ಬಂದ ಪಾದ್ರಿಗಳು ತಮ್ಮ ಊರಿನ ಕಟ್ಟುನಿಟ್ಟನ್ನೂ ತಂದಿದ್ದರು. ಹಿರಿಯರ ಮಂಡಲಿ ಸದಸ್ಯರ ನಡತೆಯ ಮೇಲೆ ಕಣ್ಣಿಡುತ್ತಿತ್ತು. ಮೊದಲು ಬುದ್ಧಿವಾದ, ಆಮೇಲೆ ಕರ್ತನ ಭೋಜನದಿಂದ ದೂರ, ಕಡೆಗೆ ಸಭೆಯಿಂದಲೇ ಹೊರಗೆ. ಕುಡಿತ, ಜಾತ್ರೆಗೆ ಹೋಗುವುದು, ವ್ಯಭಿಚಾರ, ಜಾತಿಯ ಆಚರಣೆಗೆ ಮರಳುವುದು ಇದರಡಿ ಬರುತ್ತಿದ್ದವು. ಗಂಡಸು ಗಂಡಸನ್ನು, ಹೆಂಗಸು ಹೆಂಗಸನ್ನು ಪ್ರೀತಿಸುವ ವಿಷಯ ಬಾಯಿಬಿಟ್ಟು ಆಡುವ ಮಾತೇ ಆಗಿರಲಿಲ್ಲ. ಮದುವೆ, ಮಕ್ಕಳು, ಅಚ್ಚುಕಟ್ಟಾದ ಮನೆ, ಇದೇ ಕ್ರೈಸ್ತ ಬಾಳಿನ ಮಾದರಿಯೆಂದು ಕಲಿಸಲಾಯಿತು. ಆ ಮಾದರಿಗೆ ಹೊಂದದವನಿಗೆ ಎರಡೇ ದಾರಿ: ಬಾಯಿಮುಚ್ಚಿ ಮದುವೆಯಾಗುವುದು ಅಥವಾ ಊರು ಬಿಡುವುದು. ಯಲ್ಲಮ್ಮನ ಕೊಡ ಹೊತ್ತವನನ್ನು ಪಾದ್ರಿಗಳು ನೋಡಿದ್ದು ವಿಗ್ರಹಾರಾಧನೆಯ ಕಣ್ಣಿನಿಂದ. ಆ ಸೀರೆಯೊಳಗಿನ ಮನುಷ್ಯನ ದುಗುಡ ಅವರ ಗಮನಕ್ಕೆ ಬರಲೇ ಇಲ್ಲ. ಈ ಸೀಮೆಯ ಕ್ರೈಸ್ತ ಚರಿತ್ರೆಯಲ್ಲಿ ಇದು ದೊಡ್ಡ ಕುರುಡು.

ಪಾದ್ರಿಗಳ ಬೆನ್ನಿಗೆ ಸರ್ಕಾರದ ಕಾನೂನೂ ಇತ್ತು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿ 1533ರಲ್ಲಿ ತಂದ ಕಾನೂನಿನ ಸಂತಾನವಾದ 377ನೆಯ ಕಲಮು 1860ರ ಭಾರತೀಯ ದಂಡಸಂಹಿತೆಯಲ್ಲಿ ಸೇರಿ, 1862ರ ಜನವರಿ 1ರಿಂದ ಜಾರಿಗೆ ಬಂತು. ಅದರಂತೆ ಸಲಿಂಗ ಸಂಬಂಧ ಜೀವಾವಧಿಯವರೆಗೆ ಶಿಕ್ಷೆಯಾಗಬಲ್ಲ ಅಪರಾಧವಾಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗ ಹಿಜ್ರಾಗಳ ಹೆಸರನ್ನು ಪೊಲೀಸರ ದಫ್ತರಿನಲ್ಲಿ ಬರೆಸಿ, ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಹಾಡುವುದನ್ನು ಅಪರಾಧವೆಂದಿತು; ಮೊದಲಿಗೆ ಅದು ಉತ್ತರ ಭಾರತದ ಪ್ರಾಂತಗಳಿಗೆ ಅನ್ವಯಿಸಿದ್ದು. ಮುಂಬಯಿ ಪ್ರಾಂತದ ಮರಾಠಾ ಸೀಮೆಗಳಲ್ಲಿ ಬೇರೆ ರೀತಿ ನಡೆಯಿತು. ಪೇಶ್ವೆಗಳ ಕಾಲದಿಂದ ಹಿಜ್ರಾಗಳಿಗೆ ಸಣ್ಣ ಇನಾಂ ಜಮೀನುಗಳೂ ನಗದು ಸಲ್ಲಿಕೆಗಳೂ ಭಿಕ್ಷೆ ಎತ್ತುವ ಹಕ್ಕೂ ಇದ್ದವು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಅವನ್ನು ಒಂದೊಂದಾಗಿ ಮುಗಿಸಿದರು. ಅಂದರೆ ರಾಜ್ಯವೇ ಒಪ್ಪಿಕೊಂಡಿದ್ದ ಒಂದು ಸ್ಥಾನ ಎರಡು ತಲೆಮಾರಿನಲ್ಲಿ ಅಪರಾಧದ ಪಟ್ಟಿಗೆ ಹೋಯಿತು. ಇಂದು ಪಾಶ್ಚಾತ್ಯ ರೋಗವೆಂದು ಕರೆಸಿಕೊಳ್ಳುವುದು ಸಲಿಂಗಪ್ರೇಮ. ಆದರೆ ಹಡಗಿನಲ್ಲಿ ಬಂದಿಳಿದದ್ದು ಅದನ್ನು ದಂಡಿಸುವ ಕಾನೂನು.

ಇಪ್ಪತ್ತನೆಯ ಶತಮಾನದ ಮೊದಲ ಎಂಟು ದಶಕಗಳಲ್ಲಿ ಈ ವಿಷಯದಲ್ಲಿ ಹೇಳುವಂಥದ್ದು ಕಡಿಮೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಹೊರಡಬೇಕಾಯಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. ಬಾಸೆಲ್ ಮಿಷನ್ನಿನ ಸಭೆಗಳು ಕ್ರಮೇಣ ಅದರಲ್ಲಿ ಕೂಡಿದವು, ಧಾರವಾಡ ಕೇಂದ್ರವಾಗಿ ಕರ್ನಾಟಕ ಉತ್ತರ ಸಭಾಪ್ರಾಂತ 1970ರಲ್ಲಿ ರೂಪುಗೊಂಡಿತು. ಬೆಟಗೇರಿಯ ಜರ್ಮನ್ ಆಸ್ಪತ್ರೆ, ಧಾರವಾಡದ ಬಾಸೆಲ್ ಮಿಷನ್ ಶಾಲೆ ಊರಿನ ಆಸ್ತಿಗಳಾದವು. ಹೊರಬಿದ್ದವರ ಸಭೆ ಮರ್ಯಾದಸ್ಥರ ಸಭೆಯಾಯಿತು. ಅಮೆರಿಕದ ಲಾಸ್ ಏಂಜಲೀಸ್ ಬಳಿ ಟ್ರಾಯ್ ಪೆರಿ ಎಂಬ ಪಾದ್ರಿ 1968ರ ಅಕ್ಟೋಬರ್ 6ರಂದು ತಮ್ಮ ಮನೆಯಲ್ಲಿ ಹನ್ನೆರಡು ಮಂದಿಯನ್ನು ಕೂಡಿಸಿ ಸಲಿಂಗಪ್ರೇಮಿಗಳಿಗೆ ಬಾಗಿಲು ತೆರೆದ ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚನ್ನು ಆರಂಭಿಸಿದ್ದು ಇಲ್ಲಿಯ ಯಾವ ಸಭೆಗೂ ಕೇಳಿಸಲಿಲ್ಲ.

ಕಿವಿ ತೆರೆಯಿಸಿದ್ದು ಒಂದು ರೋಗ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಹದಿನೈದು ವರ್ಷಗಳೊಳಗೆ ಬಾಗಲಕೋಟೆ ದೇಶದಲ್ಲೇ ಹೆಚ್ಚು ಬಾಧೆಗೊಳಗಾದ ಗ್ರಾಮೀಣ ಜಿಲ್ಲೆಗಳ ಸಾಲಿಗೆ ಬಂತು. 2003ರ ಹೊತ್ತಿಗೆ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಸುಮಾರು ಶೇಕಡಾ 3ರಷ್ಟು ಮಂದಿಗೆ ಸೋಂಕು ಕಂಡುಬಂತು. ಅದಕ್ಕೆ ಕಾರಣಗಳು ಹಲವು: ನೀರಾವರಿಯ ಕಬ್ಬಿನ ಹಣ ಮತ್ತು ಒಣಭೂಮಿಯ ಬಡತನ ಅಕ್ಕಪಕ್ಕದಲ್ಲಿದ್ದದ್ದು, ಮುಂಬೈ, ಪುಣೆ, ಸಾಂಗ್ಲಿಗಳಿಗೆ ದುಡಿಯಲು ಹೋಗಿಬರುವವರು, ಲಾರಿಗಳು ಓಡುವ ಹೆದ್ದಾರಿ, 1982ರ ನಿಷೇಧ ಕಾಯಿದೆಯ ನಂತರವೂ ಗುಟ್ಟಾಗಿ ಉಳಿದ ದೇವದಾಸಿ ಪದ್ಧತಿ. ಮುಧೋಳದಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರು ತಾವೇ ಕೂಡಿ ಚೈತನ್ಯ ಮಹಿಳಾ ಸಂಘವನ್ನು ಕಟ್ಟಿದರು. ಕೆನಡಾದ ನೆರವಿನ ಯೋಜನೆ, ಅದರ ಬೆನ್ನಿಗೆ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹಳ್ಳಿಹಳ್ಳಿಗೆ ಹೋಗಿ ಕೆಲಸ ಮಾಡಿದವು. ಆ ಕೆಲಸದಲ್ಲಿ ಮೊದಲ ಬಾರಿಗೆ ಒಂದು ಸತ್ಯ ಕಾಗದದ ಮೇಲೆ ಬಂತು: ಗಂಡಸರೊಡನೆ ಕೂಡುವ ಗಂಡಸರು, ಜೋಗಪ್ಪಂದಿರು, ಹಿಜ್ರಾಗಳು ಬೆಂಗಳೂರಿನಂತೆ ಇಲ್ಲಿಯೂ ಇದ್ದಾರೆ, ಅವರಲ್ಲಿ ಹಲವರು ಮನೆಯವರ ಒತ್ತಾಯಕ್ಕೆ ಮದುವೆಯಾಗಿದ್ದಾರೆ, ಕಾಯಿಲೆ ಬಿದ್ದಾಗ ದವಾಖಾನೆಯಲ್ಲಿ ನಿಜ ಹೇಳಲು ಹೆದರುತ್ತಾರೆ.

ಕ್ರೈಸ್ತ ಆಸ್ಪತ್ರೆಗಳೂ ಸನ್ಯಾಸಿನಿಯರೂ ಸುಮ್ಮನಿರಲಿಲ್ಲ. ಕಮಿಲಿಯನ್ ಸಂಘದ ಪಾದ್ರಿಗಳು 1990ರ ದಶಕದಲ್ಲಿ ಬೆಂಗಳೂರಿನಲ್ಲಿ ತೆರೆದ ಸ್ನೇಹದಾನ, ಮನೆಯವರು ಬಿಟ್ಟುಹೋದ ರೋಗಿಗಳ ಕೊನೆಯ ದಿನಗಳ ಆಸರೆಯಾಯಿತು. ಭಾರತದ ಕ್ಯಾಥೊಲಿಕ್ ಬಿಷಪ್‌ಗಳ ಮಂಡಲಿ 2005ರಲ್ಲಿ ಎಚ್‌ಐವಿ ನೀತಿಯನ್ನು ಪ್ರಕಟಿಸಿ, ರೋಗಿಯನ್ನು ತಿರಸ್ಕರಿಸಬಾರದೆಂದು ತನ್ನ ಸಂಸ್ಥೆಗಳಿಗೆ ಹೇಳಿತು. ಪ್ರಾಟೆಸ್ಟಂಟ್ ಮತ್ತು ಆರ್ಥೊಡಾಕ್ಸ್ ಸಭೆಗಳ ಒಕ್ಕೂಟವಾದ ನಾಗಪುರದ ಭಾರತ ರಾಷ್ಟ್ರೀಯ ಚರ್ಚ್ ಮಂಡಲಿ, ಅಂದರೆ ಎನ್‌ಸಿಸಿಐ, ಎಚ್‌ಐವಿ ಕೆಲಸಕ್ಕಾಗಿ ಇಎಸ್‌ಎಚ್‌ಎ ಎಂಬ ಘಟಕವನ್ನು ನಡೆಸಿತು. ಹಾಸಿಗೆಯ ಪಕ್ಕ ಕೂತು ಆರೈಕೆ ಮಾಡುವವರಿಗೆ ರೋಗಿಯ ಕಥೆ ಕೇಳದೆ ಇರಲಾಗುವುದಿಲ್ಲ. ಕಥೆ ಕೇಳಿದವರಿಗೆ ಪಾಪದ ಪಟ್ಟಿ ಓದುವುದು ಮೊದಲಿನಷ್ಟು ಸುಲಭವಾಗಲಿಲ್ಲ. ಭಾರತದ ಸಭೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಬಗೆಗಿನ ಬದಲಾವಣೆ ಹೀಗೆ ಆಸ್ಪತ್ರೆಯ ಬಾಗಿಲಿನಿಂದ ಒಳಬಂದಿತು, ದೇವಶಾಸ್ತ್ರದ ಬಾಗಿಲಿಗೆ ಆಮೇಲೆ ತಲುಪಿತು.

ನ್ಯಾಯಾಲಯಗಳು ಉಳಿದ ಒತ್ತಡವನ್ನು ತಂದವು. 2009ರ ಜುಲೈ 2ರಂದು ನಾಝ್ ಫೌಂಡೇಷನ್ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವನ್ನು 377ರಿಂದ ಹೊರಗಿಟ್ಟಿತು. ಮೇಲ್ಮನವಿ ಸಲ್ಲಿಸಿದವರಲ್ಲಿ ಬೇರೆ ಬೇರೆ ಧರ್ಮದವರಿದ್ದರು, ಕ್ರೈಸ್ತ ಸಂಘಟನೆಗಳೂ ಇದ್ದವು. ಒಡಿಶಾದ ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್, ಕೇರಳದ ಅಪೊಸ್ತಲಿಕ್ ಚರ್ಚಸ್ ಅಲಯನ್ಸ್ ಅವುಗಳಲ್ಲಿ ಸೇರಿವೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಎನ್‌ಸಿಸಿಐ ಮುಂತಾದ ಸಂಸ್ಥೆಗಳು ಕೋಲ್ಕತ್ತಾದಲ್ಲಿ ಮಾನವ ಲೈಂಗಿಕತೆ ಮತ್ತು ಸಭೆಗಳ ಹೊಣೆಯ ಕುರಿತು ದುಂಡುಮೇಜಿನ ಸಭೆ ನಡೆಸಿದವು. ಒಂದೇ ಧರ್ಮದ ಒಂದು ಕೈ ಕೋರ್ಟಿನ ಬಾಗಿಲು ಬಡಿಯುತ್ತಿದ್ದಾಗ ಇನ್ನೊಂದು ಕೈ ತನ್ನ ಬಾಗಿಲನ್ನೇ ತೆರೆಯಲು ಹವಣಿಸುತ್ತಿತ್ತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು. ಆಗ ಮುಂಬೈನ ಆರ್ಚ್‌ಬಿಷಪ್ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್, ಸಲಿಂಗ ಮದುವೆಗೆ ಸಭೆಯ ಒಪ್ಪಿಗೆ ಇಲ್ಲದಿದ್ದರೂ ಸಲಿಂಗಪ್ರೇಮಿಗಳನ್ನು ಅಪರಾಧಿಗಳೆಂದು ತಾವು ಎಂದೂ ಎಣಿಸಿಲ್ಲವೆಂದು ಸ್ಪಷ್ಟಪಡಿಸಿದರು. ನಾಲ್ಕು ತಿಂಗಳ ನಂತರ, 2014ರ ಏಪ್ರಿಲ್ 15ರಂದು, ಅದೇ ಕೋರ್ಟಿನ ನಾಲ್ಸಾ ತೀರ್ಪು ತೃತೀಯ ಲಿಂಗದವರ ಗುರುತನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಮೊಕದ್ದಮೆಯ ಐವರು ನ್ಯಾಯಮೂರ್ತಿಗಳ ಪೀಠ 377ರ ಆ ಭಾಗವನ್ನು ತೆಗೆದುಹಾಕಿತು.

ಈ ಹತ್ತು ವರ್ಷಗಳ ಚಿಂತನೆಯ ದೊಡ್ಡ ಪಾಲು ನಡೆದದ್ದು ಬೆಂಗಳೂರಿನಲ್ಲಿ. 1910ರಲ್ಲಿ ಸ್ಥಾಪನೆಯಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಸಿಎಸ್‌ಐ ಮೊದಲಾದ ಸಭೆಗಳ ಪಾದ್ರಿಗಳನ್ನು ತಯಾರು ಮಾಡುವ ಜಾಗ. ಪಿ.ಡಿ. ದೇವನಂದನ್, ಎಂ.ಎಂ. ಥಾಮಸ್ ಕಟ್ಟಿದ ಕ್ರೈಸ್ತ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆಯೂ ವಿದ್ಯಾರ್ಥಿ ಕ್ರೈಸ್ತ ಚಳವಳಿಯ ಕಚೇರಿಯೂ ಇದೇ ನಗರದಲ್ಲಿವೆ. ಜಾರ್ಜ್ ಝಕರಾಯ ಮತ್ತು ವಿನ್ಸೆಂಟ್ ರಾಜ್‌ಕುಮಾರ್ ಸಂಪಾದಿಸಿದ, ಸಭೆಯೊಳಗಿನ ಸಲಿಂಗದ್ವೇಷವನ್ನು ನೇರವಾಗಿ ಎತ್ತಿಕೊಂಡ ಲೇಖನಗಳ ಸಂಪುಟ 2015ರಲ್ಲಿ ಬಂತು. ಎನ್‌ಸಿಸಿಐ ಪರವಾಗಿ ರಾಜರ್ ಗಾಯಕ್ವಾಡ್ ಮತ್ತು ಥಾಮಸ್ ನೈನಾನ್ ಸಂಪಾದಿಸಿದ, ಲೈಂಗಿಕತೆ ಮತ್ತು ಲಿಂಗ ವೈವಿಧ್ಯದ ದೇವಶಾಸ್ತ್ರದ ವಾಚಿಕೆ 2017ರಲ್ಲಿ ಪ್ರಕಟವಾಯಿತು. ಲಿಂಗ ಮತ್ತು ಲೈಂಗಿಕ ವೈವಿಧ್ಯಕ್ಕೆಂದೇ ಒಂದು ರಾಷ್ಟ್ರೀಯ ವೇದಿಕೆಯನ್ನೂ ಆ ಮಂಡಲಿ ರೂಪಿಸಿತು.

ವಾದದ ಎರಡು ಬದಿಗಳೂ ಬೈಬಲನ್ನೇ ಹಿಡಿದಿದ್ದವು. ವಿರೋಧಿಸುವವರು ಯಾಜಕಕಾಂಡದ ನಿಷೇಧವನ್ನೂ ಸೊದೋಮಿನ ನಾಶವನ್ನೂ ರೋಮಾಪುರದವರಿಗೆ ಪೌಲನು ಬರೆದ ಪತ್ರದ ಮೊದಲ ಅಧ್ಯಾಯವನ್ನೂ ಮುಂದಿಟ್ಟರು. ಒಳಗೊಳ್ಳಬೇಕೆನ್ನುವವರು ಯೆಹೆಜ್ಕೇಲ ಪ್ರವಾದಿಯನ್ನು ತೋರಿಸಿದರು. ಅಲ್ಲಿ ಸೊದೋಮಿನ ಪಾಪವೆಂದು ಹೇಳಿರುವುದು ಸೊಕ್ಕು ಮತ್ತು ಬಡವರ ಕೈ ಹಿಡಿಯದ ಕಲ್ಲುಮನಸ್ಸು. ಅವರು ಹೆಚ್ಚು ಹೊತ್ತು ನಿಂತದ್ದು ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದ ಬಳಿ. ಇಥಿಯೋಪ್ಯದ ರಾಣಿಯ ಬೊಕ್ಕಸದ ಅಧಿಕಾರಿ, ಅಂಗಹೀನನಾಗಿದ್ದರಿಂದ ಮೋಶೆಯ ನಿಯಮದಂತೆ ಸಭೆಯೊಳಗೆ ಸೇರಲು ಅರ್ಹನಲ್ಲದವನು, ಅಡವಿಯ ದಾರಿಯಲ್ಲಿ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿರುತ್ತಾನೆ. ಫಿಲಿಪ್ಪ ಅವನ ಪಕ್ಕ ಏರಿ ಕೂರುತ್ತಾನೆ. ನೀರು ಕಂಡಾಗ, ತನಗೆ ದೀಕ್ಷಾಸ್ನಾನವಾಗಲು ಏನು ಅಡ್ಡಿ ಎಂದು ಕೇಳುವವನು ಆ ಅಧಿಕಾರಿ. ಫಿಲಿಪ್ಪ ಯಾವ ಅಡ್ಡಿಯನ್ನೂ ಎತ್ತುವುದಿಲ್ಲ. ಕ್ರೈಸ್ತ ಸಭೆ ಯೆಹೂದ್ಯರ ಆಚೆಗೆ ಹರಡಿದ ಮೊದಲ ಕಥೆಗಳಲ್ಲಿ ಒಂದರ ನಾಯಕ ಗಂಡು ಹೆಣ್ಣುಗಳ ಲೆಕ್ಕದ ಹೊರಗಿದ್ದವನು ಎಂಬುದನ್ನು ತಳ್ಳಿಹಾಕುವುದು ಸುಲಭವಲ್ಲ. ಕನ್ನಡದ ಸಭೆಗೆ ಇನ್ನೊಂದು ಅನುಕೂಲವೂ ಇದೆ. ಒಳಗಿನ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲವೆಂಬ ತಿಳಿವನ್ನು ಈ ಭಾಷೆಗೆ ದೇವರ ದಾಸಿಮಯ್ಯನೆಂಬ ನೇಕಾರ ಎಷ್ಟೋ ಶತಮಾನಗಳ ಹಿಂದೆಯೇ ಕೊಟ್ಟಿದ್ದಾನೆ. ಬಾಸೆಲ್ ಪಾದ್ರಿಗಳ ಮಾತು ಕೇಳಿ ಸಭೆ ಸೇರಿದವರಲ್ಲಿ ವಚನಗಳ ನಡುವೆ ಬೆಳೆದ ಲಿಂಗಾಯತರೂ ಇದ್ದರು.

ಮಾತಿನಿಂದ ಕೆಲಸಕ್ಕೆ ಇಳಿದ ಸಭೆಗಳು ಹೆಚ್ಚಾಗಿ ನೆರೆಯ ರಾಜ್ಯಗಳವು. ತಮಿಳುನಾಡಿನಲ್ಲಿ ಇವ್ಯಾಂಜೆಲಿಕಲ್ ಚರ್ಚ್ ಆಫ್ ಇಂಡಿಯಾ ಲಿಂಗಪರಿವರ್ತಿತೆ ಭಾರತಿ ಅವರನ್ನು ಪಾದ್ರಿಯಾಗಿ ನೇಮಿಸಿತು. ಚೆಂಗಲ್ಪಟ್ಟು ಬಳಿಯ ಹಳ್ಳಿಯಲ್ಲಿ ಅವರು ಸಭೆ ನಡೆಸಿದರು, ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟರು, ಮದುವೆ ಮಾಡಿಸಿದರು. ಕೊಚ್ಚಿಯಲ್ಲಿ 2016ರ ಕೊನೆಗೆ ಓದು ಬಿಟ್ಟ ತೃತೀಯಲಿಂಗಿಗಳಿಗಾಗಿ ಸಹಜ್ ಶಾಲೆ ತೆರೆಯಲು ಹೊರಟವರಿಗೆ ಬಾಡಿಗೆಗೆ ಮನೆ ಸಿಗದಾದಾಗ ಕಾರ್ಮೆಲ್ ಮಾತೆಯ ಸಂಘದ ಕ್ಯಾಥೊಲಿಕ್ ಸನ್ಯಾಸಿನಿಯರು ತಮ್ಮ ಜಾಗ ಬಿಟ್ಟುಕೊಟ್ಟರು. ಮಾರ್ ಥೋಮಾ ಸಭೆ ಮುಂಬೈನಲ್ಲಿ ಆರಂಭಿಸಿದ ನವೋದಯ ಎಂಬ ಕಾರ್ಯಕ್ರಮ ತೃತೀಯಲಿಂಗಿಗಳ ವಸತಿ, ಉದ್ಯೋಗಗಳನ್ನು ಎತ್ತಿಕೊಂಡಿತು. ಸಲಿಂಗಪ್ರೇಮಿಗಳ ವಿಷಯದಲ್ಲಿ ಇಷ್ಟು ಧೈರ್ಯ ಕಾಣುವುದಿಲ್ಲ. ತೃತೀಯಲಿಂಗಿಯ ಬವಣೆ ಕಣ್ಣಿಗೆ ಕಾಣುವಂಥದ್ದು, ಅಲ್ಲಿ ಕರುಣೆ ಬೇಗ ಹುಟ್ಟುತ್ತದೆ. ಸಲಿಂಗಪ್ರೇಮಿ ಹಾಡುಗಾರರ ಸಾಲಿನಲ್ಲಿ, ಭಾನುವಾರದ ಶಾಲೆಯಲ್ಲಿ, ಹಿರಿಯರ ಮಂಡಲಿಯಲ್ಲಿ ಈಗಾಗಲೇ ಕೂತಿರುವವನು, ಅವನನ್ನು ಒಪ್ಪಿಕೊಳ್ಳುವುದೆಂದರೆ ಮದುವೆಯ ಬಗೆಗಿನ ಬೋಧನೆಯನ್ನೇ ಮತ್ತೆ ನೋಡಬೇಕಾಗುತ್ತದೆ. ಹಾಗಾಗಿ ಅರ್ಧ ದಾರಿಯಲ್ಲೇ ನಿಂತ ಸಭೆಗಳು ಹೆಚ್ಚು.

ಕರ್ನಾಟಕದಲ್ಲಿ ದಾರಿ ತೋರಿದವರು ಸಭೆಗಳಲ್ಲ, ಸಮುದಾಯದವರೇ. ಬೆಂಗಳೂರಿನಲ್ಲಿ 1999ರಲ್ಲಿ ಹುಟ್ಟಿದ ಸಂಗಮ, ಆಮೇಲೆ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಕಟ್ಟಿದ ‘ಒಂದೆಡೆ’ ಮೊದಲಾದ ಸಂಘಟನೆಗಳು ಪೊಲೀಸ್ ಠಾಣೆಯಿಂದ ವಿಧಾನಸೌಧದವರೆಗೆ ಹೋರಾಡಿದವು. 2011ರಲ್ಲಿ ರಾಜ್ಯದ ಪೊಲೀಸ್ ಕಾಯಿದೆಗೆ ಸೇರಿಸಿದ 36ಎ ಕಲಮು ಹಿಜ್ರಾಗಳ ಹೆಸರು ನೋಂದಾಯಿಸಿ ಕಣ್ಣಿಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. 1871ರ ದಫ್ತರೇ ಮರುಹುಟ್ಟು ಪಡೆದಂತಿದ್ದ ಆ ಕಲಮನ್ನು ಸಮುದಾಯದವರು ಹೈಕೋರ್ಟಿನಲ್ಲಿ ಪ್ರಶ್ನಿಸಿ ತಿದ್ದಿಸಿದರು. 2021ರ ಜುಲೈನಲ್ಲಿ ಸರ್ಕಾರಿ ಉದ್ಯೋಗಗಳಲ್ಲಿ ತೃತೀಯಲಿಂಗಿಗಳಿಗೆ ಶೇಕಡಾ 1ರ ಸಮತಲ ಮೀಸಲಾತಿ ಕೊಟ್ಟ ಮೊದಲ ರಾಜ್ಯವಾಯಿತು ಕರ್ನಾಟಕ. ಸರ್ಕಾರದ ಮೈತ್ರಿ ಯೋಜನೆಯ ಮಾಸಾಶನ ಜೋಗಪ್ಪಂದಿರ ಕೈಗೂ ಬಂತು. ಬಳ್ಳಾರಿ ಸೀಮೆಯ ಜೋಗತಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಕನ್ನಡದ ಓದುಗರ ಮನೆ ಹೊಕ್ಕಿತು. ಧರ್ಮದ ಆಸರೆಯಿಂದ ಬದುಕಿ, ಆ ಆಸರೆಯ ಕೊರತೆಗಳನ್ನೂ ತಿಳಿದವರು ಇವರು. ಆರೈಕೆ ಎಂದರೇನೆಂದು ಕಲಿಯಬೇಕಾದ ಸಭೆಗೆ ಇವರಿಗಿಂತ ಒಳ್ಳೆಯ ಗುರುಗಳು ಸಿಗುವುದು ಕಷ್ಟ.

ಸಣ್ಣ ಊರಿನ ಸಭೆಯಲ್ಲಿ ಆರೈಕೆಯ ಪ್ರಶ್ನೆ ದೊಡ್ಡ ಠರಾವುಗಳ ರೂಪದಲ್ಲಿ ಬರುವುದಿಲ್ಲ. ಮಗನ ನಡೆ ಬೇರೆ ಎಂದು ಗೊತ್ತಾದ ತಾಯಿ ಮೊದಲು ಬರುವುದು ಪಾದ್ರಿಯ ಮನೆಗೆ. ಅಲ್ಲಿ ದೆವ್ವ ಬಿಡಿಸುವ ಪ್ರಾರ್ಥನೆ, ಉಪವಾಸ, ಬೇಗ ಒಂದು ಮದುವೆ ಎಂಬ ಸಲಹೆ ಸಿಕ್ಕರೆ ಇಬ್ಬರ ಬಾಳು ಹಾಳಾಗುತ್ತದೆ, ಮದುವೆಯಾಗಿ ಬಂದ ಹುಡುಗಿಯದೂ ಸೇರಿ. ಸಲಿಂಗಪ್ರೇಮ ಕಾಯಿಲೆಯಲ್ಲವೆಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಬಹಿರಂಗವಾಗಿ ಹೇಳಿದೆ. ಅದನ್ನು ವಾಸಿ ಮಾಡುತ್ತೇವೆನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿಪರ ದುರ್ನಡತೆಯೆಂದು ಸಾರಿದೆ. ಪಾದ್ರಿಯಾದವರು ಮೊದಲು ತಿಳಿಯಬೇಕಾದದ್ದು ಇದು. ಉಳಿದವು ಸಭೆಗೆ ಹಳೆಯ ಪರಿಚಯವಿರುವ ಕೆಲಸಗಳೇ: ಮನೆಯಿಂದ ಹೊರಹಾಕಿಸಿಕೊಂಡ ಹುಡುಗನಿಗೆ ಹಾಸ್ಟೆಲಿನಲ್ಲಿ ಒಂದು ಮಂಚ, ಸೀರೆ ಉಟ್ಟು ಬಂದವಳಿಗೆ ಹೆಂಗಸರ ಬದಿಯಲ್ಲಿ ಜಾಗ, ಕಾಯಿಲೆಯಲ್ಲಿ ಭೇಟಿ, ಸತ್ತಾಗ ಸಭೆಯ ಸ್ಮಶಾನದಲ್ಲಿ ಎಲ್ಲರಂತೆ ಮಣ್ಣು.

ದಾಖಲೆಗಳ ವಿಷಯ ಇನ್ನೂ ನಡೆಯುತ್ತಿದೆ. 2019ರ ತೃತೀಯಲಿಂಗಿಗಳ ಹಕ್ಕು ರಕ್ಷಣಾ ಕಾಯಿದೆಯಂತೆ ಜಿಲ್ಲಾಧಿಕಾರಿ ಗುರುತಿನ ಪ್ರಮಾಣಪತ್ರ ಕೊಡುತ್ತಾರೆ. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು, ಅಂಥವರ ಜನನ ಪ್ರಮಾಣಪತ್ರದಲ್ಲಿ ಹಳೆಯ ಹೆಸರು, ಲಿಂಗಗಳ ಜೊತೆ ಹೊಸವನ್ನೂ ನಮೂದಿಸಿ ಕೊಡಬೇಕೆಂದು ಹೇಳಿತು. ಸಭೆಯ ದೀಕ್ಷಾಸ್ನಾನದ ಪುಸ್ತಕದಲ್ಲಿ ಹಾಗೆ ಬರೆದುಕೊಳ್ಳುವ ರೂಢಿ ಹುಟ್ಟಬೇಕಾಗಿದೆ. ತೃತೀಯಲಿಂಗಿಗಳು ದೀಕ್ಷಾಸ್ನಾನ ಪಡೆಯಬಹುದೆಂದು ವ್ಯಾಟಿಕನ್ 2023ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಅದರ ಮರು ತಿಂಗಳು, ಡಿಸೆಂಬರ್ 18ರಂದು, ಮದುವೆಯೆಂದು ತೋರದಂತೆ ಸಲಿಂಗ ಜೋಡಿಗಳಿಗೆ ಪಾದ್ರಿಗಳು ಆಶೀರ್ವಾದ ನೀಡಬಹುದೆಂದಿತು. ಗುಳೇದಗುಡ್ಡಕ್ಕೆ ಪಾದ್ರಿಗಳನ್ನು ಕಳಿಸಿದ ನಾಡಿನಲ್ಲಿ ಸಂಗತಿ ಇನ್ನೂ ಮುಂದೆ ಹೋಗಿದೆ: ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಭೆಗಳ ಪ್ರತಿನಿಧಿಗಳು 2019ರ ನವೆಂಬರ್‌ನಲ್ಲಿ ಸಲಿಂಗ ಜೋಡಿಗಳಿಗೂ ಮದುವೆ ತೆರೆಯಲು ಬೆಂಬಲಿಸಿದರು, 2021ರ ಜನಮತದಲ್ಲಿ ದೇಶ ಅದನ್ನು ಒಪ್ಪಿತು.

ಭಾರತದಲ್ಲಿ ಸಲಿಂಗ ಮದುವೆಯ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಬಂದಾಗ ಹಲವು ಚರ್ಚ್ ಸಂಘಟನೆಗಳು ವಿರೋಧ ಸೂಚಿಸಿದವು. 2023ರ ಅಕ್ಟೋಬರ್ 17ರ ಸುಪ್ರಿಯೊ ತೀರ್ಪು ಅಂಥ ಮದುವೆಯ ಹಕ್ಕನ್ನು ಒಪ್ಪಲಿಲ್ಲ. ಆದರೆ ಅದೇ ತೀರ್ಪು, ಗಂಡು ಹೆಣ್ಣಿನ ಸಂಬಂಧದಲ್ಲಿರುವ ತೃತೀಯಲಿಂಗಿಗಳು ಈಗಿರುವ ಕಾನೂನುಗಳಡಿ, ವೈಯಕ್ತಿಕ ಕಾನೂನುಗಳೂ ಸೇರಿದಂತೆ, ಮದುವೆಯಾಗಬಹುದೆಂದು ಹೇಳಿದೆ. ಹಿಂದೂ ವಿವಾಹ ಕಾಯಿದೆಯ ವಧು ಎಂಬಲ್ಲಿ ಲಿಂಗಪರಿವರ್ತಿತ ಮಹಿಳೆಯೂ ಸೇರುತ್ತಾಳೆಂದು ಮದ್ರಾಸ್ ಹೈಕೋರ್ಟು 2019ರ ಏಪ್ರಿಲ್‌ನಲ್ಲೇ ತೀರ್ಮಾನಿಸಿತ್ತು. ಕ್ರೈಸ್ತರ ಮದುವೆಗಳು ಇಂದಿಗೂ ನಡೆಯುವುದು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಡಿ. ಹೆಣ್ಣಾಗಿ ಬದುಕುತ್ತಿರುವ ಕ್ರೈಸ್ತ ಲಿಂಗಪರಿವರ್ತಿತೆಯೊಬ್ಬಳು ತಾನು ಮೆಚ್ಚಿದ ಗಂಡಿನೊಡನೆ ಬಂದು ಪ್ರಕಟಣೆ ಓದಿಸಿರೆಂದು ಕೇಳಿದರೆ, ದೇಶದ ಕಾನೂನು ಅಡ್ಡ ಬರುತ್ತದೆಂದು ಸಭಾಪಾಲಕರು ಇನ್ನು ಮುಂದೆ ಹೇಳುವಂತಿಲ್ಲ. ಒಪ್ಪುವುದೋ ಬಿಡುವುದೋ ಆಯಾ ಸಭೆಯ ಹಿರಿಯರ ತೀರ್ಮಾನಕ್ಕೆ ಬಿಟ್ಟದ್ದು.